ಇಳಿಸಿದ ಆರು ಕೆಜಿ

ಹೊಳೆ ದಂಡೆಯ ಮೇಲೆ ಒಂದು ತಗಡಿನ ಶೆಡ್ಡು. ಅದು ಗ್ಯಾರೇಜು, ಆದರೆ ಊರವರು ಮಠ ಅನ್ನುತ್ತಿದ್ದರು. ಅಲ್ಲಿನ ಮೇಸ್ತ್ರಿ ಮೋನಪ್ಪಜ್ಜ ದಿನವಿಡೀ ಆಡುವ ಮಾತನ್ನೆಲ್ಲ ಕೂಡಿಸಿದರೂ ಒಂದು ನಟ್ಟಿನ ಡಬ್ಬಿ ತುಂಬುತ್ತಿರಲಿಲ್ಲ.

ಆ ಮಠಕ್ಕೊಂದು ಕಟ್ಟಳೆ. ರಿಪೇರಿ ಯಾರೇ ಮಾಡಲಿ, ಕೀಲಿಯನ್ನು ಗಾಡಿಯವರ ಕೈಗೆ ಕೊಡುವವನು ಅಜ್ಜ. ಕೀಲಿ ಕೊಟ್ಟವನ ತಲೆ ಮೇಲೆ ಆ ಗಾಡಿಯ ಹೊಣೆ.

ಶಿಷ್ಯ ದ್ಯಾಮಣ್ಣ ಸೇರಿ ಏಳು ವರ್ಷವಾಗಿತ್ತು. ಅಷ್ಟರಲ್ಲಿ ಮದುವೆಯಾಯಿತು, ಎರಡು ಮಕ್ಕಳಾದವು, ತಲೆಯಲ್ಲಿ ನಾಲ್ಕು ಬಿಳಿ ಕೂದಲೂ ಬಂದವು. ಒಂದು ಕೀಲಿ ಮಾತ್ರ ಕೊಟ್ಟಿರಲಿಲ್ಲ.

ಒಂದು ದಿನ ಮೆಹಬೂಬಿ ಸಿಸ್ಟರ್ ಅವರ ಹಳೇ ಡೀಸೆಲ್ ಕಾರು ಕೆಮ್ಮುತ್ತ ಬಂತು. ಸಿಸ್ಟರ್ ರಿಟೈರಾದ ನರ್ಸು. ಸುತ್ತಲ ಐದು ಊರಲ್ಲಿ ಹೆರಿಗೆ ನೋವು ಎದ್ದರೆ ದೇವರಿಗಿಂತ ಮೊದಲು ಅವರಿಗೆ ಫೋನು. ಹೊಳೆ ದಾಟಿ, ಆಚೆಯ ಏರು ಹತ್ತಿಸಿ, ತಾಲ್ಲೂಕು ದವಾಖಾನೆ ಮುಟ್ಟಿಸುವುದು ಇದೇ ಕಾರು. ಪಕ್ಕದೂರಿನ ಶಿವಗಂಗಿಗೆ ದಿನ ತುಂಬಲು ಎಂಟೇ ದಿನ ಇದೆ ಎಂದು ಹೇಳಿ, ಸಿಸ್ಟರ್ ಬಸ್ಸು ಹತ್ತಿ ಹೋದರು.

ದ್ಯಾಮಣ್ಣ ಬಿಚ್ಚಿ ನೋಡಿದ. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ತಿರುಗುವ ಭಾರದ ಚಕ್ರ, ಫ್ಲೈವೀಲು, ಸತ್ತುಹೋಗಿತ್ತು. ಅದು ಜೋಡಿ ಚಕ್ರ: ಎರಡು ದಪ್ಪ ತಟ್ಟೆ, ನಡುವೆ ಸ್ಪ್ರಿಂಗು. ಹೊಸದರ ಬೆಲೆ ಕೇಳಿದ್ದರೆ ಕಾರೇ ನಾಚಿ ಗುಜರಿಗೆ ನಡೆಯುತ್ತಿತ್ತು. ಮೇಲಾಗಿ ಅದು ಬರಲು ತಿಂಗಳು ಬೇಕು.

"ಹಗೂರ ಒಂಟಿ ಚಕ್ರ ಹಾಕ್ತೀನ್ರಿ ಅಜ್ಜಾರ. ಗಾಡಿ ಕುದರಿ ಆಗತೈತಿ. ಇದರ ಕೀಲಿ ನಾನ ಕೊಡ್ಲೇನ್ರಿ?"

"ಹಾಕು. ಆಮ್ಯಾಲ ನೋಡೂಣು."

ದ್ಯಾಮಣ್ಣ ಹಗುರ ಚಕ್ರ ಹಾಕಿದ. ಹುರುಪು ಸಾಲದೆಂದು ಅದರ ಜೊತೆಗೆ, ಓಟದ ಗಾಡಿಗೆ ಹಾಕುವಂಥ, ಸ್ಪ್ರಿಂಗೇ ಇಲ್ಲದ ಗಟ್ಟಿ ಕ್ಲಚ್ ಪ್ಲೇಟನ್ನೂ ಕೂರಿಸಿದ. ಎಕ್ಸಲೇಟರು ತುಳಿದರೆ ಎಂಜಿನ್ನು ಮೆಣಸಿನಕಾಯಿ ಕಡಿದವರ ಹಾಗೆ ಜಿಗಿಯಿತು. ಅಂಗಳದ ಕೋಳಿಗಳು ಹಾರಿ ತಗಡು ಸೇರಿದವು.

"ಹದಿಮೂರು ಕೆಜಿ ಇದ್ದದ್ದು ಏಳಕ್ಕ ಇಳಿಸೀನ್ರಿ," ಎಂದು ಮೀಸೆ ತಿರುವಿದ.

"ಇಳಿಸಿದ ಆರು ಕೆಜಿ ಎಲ್ಲಿಟ್ಟಿ?"

"ಗುಜರಿ ಗುಡ್ಡಿಗೆ ಒಗದೆ."

ಅಜ್ಜ ಎದ್ದ. ಒಳಗೆ ಹೋಗಿ, ಮಧ್ಯಾಹ್ನ ತಾನು ತಲೆಗಿಟ್ಟುಕೊಳ್ಳುವ ದಿಂಬು ತಂದ. ಅದನ್ನು ಅಂಗಿಯೊಳಗೆ ತುರುಕಿ, ಹೊಟ್ಟೆಗೆ ಟವೆಲಿನಿಂದ ಬಿಗಿದ. ಹಿಂದಿನ ಸೀಟಿನಲ್ಲಿ ಅಡ್ಡಾದ.

"ಒಂಬತ್ತು ತುಂಬ್ಯಾವ. ದವಾಖಾನಿಗೆ ನಡಿ."

ದ್ಯಾಮಣ್ಣ ನಗು ತಡೆದು ತಡೆದು ಕೆಂಪಾದ. ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು, ಬಿಳಿ ಗಡ್ಡದ ಬಸುರಿ ಹೋಗುವುದನ್ನು ಬಾಯಿ ತೆರೆದು ನೋಡಿದರು.

ಕುರಿಹಿಂಡು ಅಡ್ಡ ಬಂತು, ಗಾಡಿ ನಿಂತಿತು. ಎಂಜಿನ್ನಿನ ನಡುಕಕ್ಕೆ ಅಜ್ಜನ ದಿಂಬು ತಾಳ ಹಾಕತೊಡಗಿತು. ಗೇರ್ ಬಾಕ್ಸು ಡಬ್ಬಿಯಲ್ಲಿ ಕಡಲೆ ಅಲ್ಲಾಡಿಸಿದಂತೆ ಸದ್ದು ಮಾಡಿತು. ಏರಿನಲ್ಲಿ ಕ್ಲಚ್ ಬಿಟ್ಟ ಕೂಡಲೆ ಗಾಡಿ ಜರ್ಕು ಹೊಡೆದು ಬಂದ್ ಆಯಿತು. ಮತ್ತೆ ಬಿಟ್ಟ, ಮತ್ತೆ ಬಂದ್ ಆಯಿತು.

ಮೊದಲೆರಡು ಸಲ ಅಜ್ಜ ನಾಟಕಕ್ಕೆ ನರಳಿದ್ದ. ಮೂರನೆಯ ಸಲ ತಲೆ ಬಾಗಿಲಿಗೆ ಬಡಿದು ನಿಜವಾಗಿ ನರಳಿದ.

ದ್ಯಾಮಣ್ಣ ಕನ್ನಡಿಯಲ್ಲಿ ನೋಡಿದ. ಒಳಗೆ ನಿಜಕ್ಕೂ ಕೂಸಿದೆಯೇನೋ ಅನ್ನುವಂತೆ ಅಜ್ಜನ ಎರಡೂ ಕೈ ದಿಂಬನ್ನು ತಬ್ಬಿದ್ದವು. ನಗು ಎಲ್ಲಿ ಹೋಯಿತೋ, ಅವನಿಗೇ ಗೊತ್ತಾಗಲಿಲ್ಲ.

"ಕಿತ್ತು ಹಳೇದ ಹಾಕ್ತೀನ್ರಿ."

"ಹಳೇದು ಸತ್ತೈತಿ."

"ಹೊಸಾದು ಬರೂತನ..."

"ಶಿವಗಂಗಿ ಕಾಯಂಗಿಲ್ಲ."

"ಮತ್ತ ನಾ ಏನ ಮಾಡ್ಲಿ ಅಜ್ಜಾರ?"

"ನಡಗೂದು ಎಂಜಿನ್ನಿನ ಗುಣ. ಇಷ್ಟ ದಿನ ಆ ನಡಕ ಒಬ್ಬಾತ ನುಂಗತಿದ್ದ. ಅವನ್ನ ನೀ ಗುಡ್ಡಿಗೆ ಒಗದಿ. ಇನ್ನ ಯಾರು ನುಂಗಬೇಕು?"

ದ್ಯಾಮಣ್ಣ ನಾಲ್ಕು ದಿನ ಮಾತು ಬಿಟ್ಟ. ಮಠದಲ್ಲಿ ಈಗ ಇಬ್ಬರು ಮೌನಿಗಳು. ಗಟ್ಟಿ ಪ್ಲೇಟು ತೆಗೆದು ಸ್ಪ್ರಿಂಗಿರುವ ಪ್ಲೇಟು ಹಾಕಿದ. ಎಂಜಿನ್ನು ಕೂರುವ ಹಳೇ ರಬ್ಬರುಗಳನ್ನೆಲ್ಲ ಬದಲಿಸಿದ. ಗಾಡಿ ನಿಂತಾಗ ಎಂಜಿನ್ನು ತಿರುಗುವ ವೇಗವನ್ನು ಒಂದು ಕೂದಲಷ್ಟು ಏರಿಸಿದ.

ಐದನೆಯ ದಿನ ಸಿಸ್ಟರ್ ಬಂದರು. ಸ್ಟೇರಿಂಗು ನೀವೇ ಹಿಡಿಯಿರಿ ಎಂದು ಹೇಳಿ ದ್ಯಾಮಣ್ಣ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಹಿಂದೆ ಮಲಗಿದ.

ಸಾವಿರ ಹೊಟ್ಟೆ ನೋಡಿದ ಹೆಂಗಸು. ನಗಲಿಲ್ಲ. "ಎಷ್ಟನೇದು?" ಅಂದರು.

"ಮೂರನೇದ್ರಿ."

ಏರಿನಲ್ಲಿ ಮೊದಲ ಸಲ ಕಾರು ಬಂದ್ ಆಯಿತು. ದ್ಯಾಮಣ್ಣ ಮಲಗಿದಲ್ಲಿಂದಲೇ ಹೇಳಿಕೊಟ್ಟ: ಕ್ಲಚ್ಚು ಅರ್ಧಕ್ಕೆ ಹಿಡಿಯಿರಿ, ಎಕ್ಸಲೇಟರು ಮೊದಲಿಗಿಂತ ತುಸು ಜಾಸ್ತಿ, ಆಮೇಲೆ ಮೆಲ್ಲಗೆ ಬಿಡಿ. ಮೂರು ಸಲ ಹತ್ತಿ ಇಳಿದರು. ನಾಲ್ಕನೆಯ ಸಲ ಕಾರು ಬೆಣ್ಣೆಯಲ್ಲಿ ಕೂದಲು ಎಳೆದಂತೆ ಏರು ಹತ್ತಿತು. ದಿಂಬು ಮಿಸುಕಾಡಲಿಲ್ಲ.

ನಿಂತಾಗ ಒಳಗೆ ಸಣ್ಣ ಗುಣುಗುಣು ಉಳಿದಿತ್ತು. ದ್ಯಾಮಣ್ಣ ಅದನ್ನು ಮುಚ್ಚಿಡಲಿಲ್ಲ.

"ಇದು ಇರತೈತ್ರಿ ಸಿಸ್ಟರ್. ಜ್ವರ ಅಲ್ಲ, ಸ್ವಭಾವ. ಜೋರಾತಂದ್ರ ಆವತ್ತ ಕರೀರಿ, ನಾ ಬರ್ತೀನಿ."

ವಾಪಸು ಬಂದು ದ್ಯಾಮಣ್ಣ ಗಾಡಿಯ ಕೀಲಿ ತೆಗೆದುಕೊಂಡು ಇಳಿದಾಗ ಅಜ್ಜ ಹೊಸ್ತಿಲಲ್ಲಿ ಕೂತಿದ್ದ.

"ಇಳಿಸಿದ ಆರು ಕೆಜಿ ಎಲ್ಲಿಟ್ಟಿ?"

"ಸ್ವಲ್ಪ ಸ್ಪ್ರಿಂಗಿಗೆ ಕೊಟ್ಟೆ, ಸ್ವಲ್ಪ ರಬ್ಬರಿಗೆ. ಸ್ವಲ್ಪ ಸಿಸ್ಟರ್ ಕಾಲಿಗೆ." ದ್ಯಾಮಣ್ಣ ಹೊಟ್ಟೆಯ ದಿಂಬು ಬಿಚ್ಚಿದ. "ಉಳದದ್ದು ನನ್ನ ಮ್ಯಾಲೈತ್ರಿ."

ಏಳು ವರ್ಷದ ರೂಢಿ ನೋಡಿ, ಕೈ ತಾನಾಗಿಯೇ ಕೀಲಿಯನ್ನು ಅಜ್ಜನ ಕಡೆ ಚಾಚಿತು.

ಅಜ್ಜ ಕೈ ಎತ್ತಲಿಲ್ಲ.

"ಕೀಲಿ ಸಿಸ್ಟರಿಗೆ ನೀನ ಕೊಟ್ಟಬಿಡು. ದಿಂಬು ಇಟ್ಟಕೋ."