ಅಳಿಲಿನ ಬಾಲದ ಕುಂಚ

ಬನ್ನಿ ಮಕ್ಕಳೇ, ಚಾಪೆ ಮೇಲೆ ಒತ್ತಿಕೊಂಡು ಕೂತು ಕೇಳಿ. ಮದುವೆ ಮನೆಗಳ ಗೋಡೆಗೆ ಚಿತ್ತಾರ ಬರೆಯುವ ಚೌಡಕ್ಕ ಅಂತ ಒಬ್ಬಳಿದ್ದಳು. ಅಳಿಲಿನ ಬಾಲದ ಕೂದಲಲ್ಲಿ ಕುಂಚ ಕಟ್ಟಿದರೆ ಗೆರೆ ಸಣ್ಣಗೆ ಬರುತ್ತದೆ ಅಂತ ಯಾರೋ ಅವಳಿಗೆ ಹೇಳಿದರು. ಅವಳು ಬೋನಿಟ್ಟು ಒಂದು ತಾಯಿ ಅಳಿಲನ್ನು ಹಿಡಿದು, ಕತ್ತಿ ತಂದಳು.

"ಏನು ಬರೆಯುತ್ತೀಯ ಚೌಡಕ್ಕ?" ಅಂತು ಅಳಿಲು.

"ಗೂಡು, ಗೂಡಲ್ಲಿ ಮರಿಗಳ ಜೊತೆ ತಾಯಿ ಅಳಿಲು. ಮದುಮಕ್ಕಳ ಮನೆ ತುಂಬಲಿ ಅಂತ."

"ನನ್ನ ಗೂಡು ಆ ಮಾವಿನ ಮರದಲ್ಲೇ ಇದೆ. ನಾಲ್ಕು ಮರಿ, ಇನ್ನೂ ಕಣ್ಣು ಬಿಟ್ಟಿಲ್ಲ. ನನ್ನ ಕೊಂದ ಮೇಲೆ ಏನನ್ನು ನೋಡಿ ಬರೆಯುತ್ತೀಯ?"

ಚೌಡಕ್ಕ ಮಾವಿನ ಮರದ ಕಡೆ ನೋಡಿ ಕತ್ತಿ ಕೆಳಗಿಟ್ಟಳು. ಆಮೇಲೆ, "ಗೆರೆ ದಪ್ಪ ಬಂದರೆ ಬೀಗರು ನಗ್ತಾರೆ ಕಣೇ" ಅಂದಳು.

"ನಗಲಿ ಬಿಡು. ನಕ್ಕವರು ಉಂಡು ಹೋಗ್ತಾರೆ."

ಚೌಡಕ್ಕ ಬೋನಿನ ಬಾಗಿಲು ತೆಗೆದಳು. ಪುಂಡಿ ಗಿಡದ ನಾರು ಜಜ್ಜಿ, ಕುಂಚ ಕಟ್ಟಿ, ಆ ಗೂಡನ್ನೇ ನೋಡಿ ಮದುವೆ ಮನೆ ಗೋಡೆಗೆ ಬರೆದಳು. ಗೆರೆ ದಪ್ಪವೇ ಬಂತು, ಬೀಗರು ನಕ್ಕೇ ನಕ್ಕರು.

ಮರಿಗಳು ಕಣ್ಣು ಬಿಟ್ಟು ಮರ ಹತ್ತಿದವು. ತಾಯಿ ಅಳಿಲು ಮುದಿಯಾಗಿ ತನ್ನ ಗೂಡಲ್ಲೇ ಕಣ್ಣು ಮುಚ್ಚಿತು. ಚೌಡಕ್ಕ ಸಾಯುವವರೆಗೂ ನಾರಿನ ಕುಂಚದಲ್ಲೇ ಬರೆದಳು. ಆ ಮದುಮಗಳು ಮಾತ್ರ, ತಾನು ಇರುವಷ್ಟು ದಿನ ಆ ಗೋಡೆಗೆ ಸುಣ್ಣ ಬಳಿಯಲು ಯಾರಿಗೂ ಬಿಡಲಿಲ್ಲ.