ದ್ಯಾವನೆಲ್ಲೆಗೆ ಆ ಹೆಸರು ಬಂದ ಬಗೆ

ದ್ಯಾವನೆಲ್ಲೆ ಈಗ ತಾಲ್ಲೂಕು ಕೇಂದ್ರ. ಈರುಳ್ಳಿ ಮಂಡಿ, ಪದವಿ ಕಾಲೇಜು, ಎರಡು ಚಿತ್ರಮಂದಿರ, ದಿನಕ್ಕೆ ನೂರಾರು ಬಸ್ಸು ಬಂದುಹೋಗುವ ನಿಲ್ದಾಣ, ಎಲ್ಲವೂ ಉಂಟು. ಸುತ್ತಣ ಸೀಮೆಯಲ್ಲಿ ಮನುಷ್ಯರ ಹೆಸರು ಹೊತ್ತ ಊರುಗಳಿಗೆ ಬರವಿಲ್ಲ. ಕೋಟೆ ಕಟ್ಟಿಸಿದ ನಾಯಕರು, ಕೆರೆ ಕಟ್ಟಿಸಿದ ಅವರ ರಾಣಿಯರು, ಯುದ್ಧದಲ್ಲಿ ಮಡಿದ ದಳವಾಯಿಗಳು ತಮ್ಮ ಹೆಸರನ್ನು ಒಂದೊಂದು ಊರಿಗೆ ಬಿಟ್ಟು ಹೋಗಿದ್ದಾರೆ. ಈ ಊರಿಗೆ ಮಾತ್ರ, ಊರಿನಿಂದಾಗಿ ನೂರಾ ಹದಿನಾರು ಹಳ್ಳಿಗಳ ಇಡೀ ತಾಲ್ಲೂಕಿಗೆ, ಇರುವುದು ಒಬ್ಬ ಕುಳವಾಡಿಯ ಹೆಸರು. ಕುಳವಾಡಿಯೆಂದರೆ ಊರಿನ ಚಾಕರಿಯವನು. ಸಾವಿನ ಸುದ್ದಿ ಹೊತ್ತು ಹೋಗುವವನು, ಕಣದಲ್ಲಿ ಎಲ್ಲರ ಪಾಲು ಮುಗಿದ ಮೇಲೆ ತನ್ನ ಮೊರ ಒಡ್ಡುವವನು. ಅವನ ಮನೆ ಊರ ಹೊರಗಿನ ಕೇರಿಯಲ್ಲಿ. ಊರ ಬಾವಿಯ ಹಗ್ಗವನ್ನು ಅವನು ಮುಟ್ಟುವಂತಿರಲಿಲ್ಲ. ಆದರೆ ಊರ ಎಲ್ಲೆ ಎಲ್ಲಿ ತೊಡಗಿ ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಅವನ ಮಾತೇ ಕಡೆಯ ಮಾತು. ಗೌಡನೂ ಶಾನುಭೋಗನೂ ಅದಕ್ಕೆ ಎದುರಾಡುವಂತಿರಲಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಇಲ್ಲಿ ಊರೇ ಇರಲಿಲ್ಲ. ಇದ್ದದ್ದು ಒಂದು ಹಳ್ಳ. ಹಳ್ಳದ ಪಡುವಲಿಗೆ ಸಾಲುಹುಣಸೆ, ಮೂಡಲಿಗೆ ನೇರಳಗುಂಟೆ. ಕೂಗಳತೆಯಷ್ಟು ಅಗಲವಾದ ಆ ಹಳ್ಳದಲ್ಲಿ ಎರಡೂ ಊರಿನ ದನಗಳು ನೀರು ಕುಡಿಯುತ್ತಿದ್ದವು, ಉಪ್ಪು ಹೇರಿದ ಎತ್ತುಗಳ ಸಾಲು ಮರಳ ಮೇಲೆ ಬೀಡು ಬಿಡುತ್ತಿತ್ತು. ಒಂದು ವರ್ಷ ಹಸ್ತದ ಮಳೆ ಮೂರು ಹಗಲು ಮೂರು ಇರುಳು ಬಿಡದೆ ಸುರಿದಾಗ ಹಳ್ಳ ಮೇಲುಗಡೆಯೇ ದಂಡೆ ಒಡೆದುಕೊಂಡು ಗುಡ್ಡದ ಹಿಂದಕ್ಕೆ ಹರಿದುಹೋಯಿತು. ಇಲ್ಲಿ ಉಳಿದದ್ದು ಅರ್ಧ ಹರದಾರಿ ಉದ್ದದ ಬರಿಯ ಪಾತ್ರ, ಅದರ ತುಂಬ ಕಲಸಿಟ್ಟ ಕಣಕದಂಥ ಮೆಕ್ಕಲು ಮಣ್ಣು. ಎರಡೂ ದಂಡೆಯ ಎಲ್ಲೆಕಲ್ಲುಗಳು ಆ ಮಣ್ಣಿನಡಿ ಹೂತುಹೋದವು. ಯಾರೋ ಎರಚಿದ ಜೋಳ ಆ ವರ್ಷವೇ ಆಳೆತ್ತರ ಬೆಳೆಯಿತು. ಆ ಬೆಳೆಯನ್ನು ಕಂಡದ್ದೇ ತಡ, ಎರಡೂ ಊರಿನ ಹಿರಿಯರಿಗೆ ಒಟ್ಟಿಗೇ ಮರೆವು ಬಂತು ಎನ್ನುತ್ತಾರೆ. ಆಚೆ ದಂಡೆಯವರೆಗೂ ನಮ್ಮದು ಎಂದರು ಇವರು, ಈಚೆ ದಂಡೆಯವರೆಗೂ ನಮ್ಮದು ಎಂದರು ಅವರು. ಮರುವರ್ಷ ಬಿತ್ತನೆಯ ಹೊತ್ತಿಗೆ ಇಬ್ಬರ ತಲೆ ಒಡೆಯಿತು, ಒಬ್ಬನ ಕೈ ಮುರಿಯಿತು.

ದೂರು ಪಾಳೆಯಗಾರನಿಗೆ ಹೋಗಿ, ಅವನ ಕಡೆಯಿಂದ ಪಾರುಪತ್ಯಗಾರ ತಿಮ್ಮರಸಯ್ಯ ಕುದುರೆಯೇರಿ ಬಂದ. ಎಲ್ಲೆ ನಡೆಸಿ ತೀರಿಸಿಕೊಳ್ಳಿ ಎಂದ. ಎಲ್ಲೆ ನಡೆಯುವುದೆಂದರೆ ಆಗಿನ ಕಾಲಕ್ಕೆ ಸುಲಭದ ಮಾತಲ್ಲ. ಆ ನೆಲದ ಹಸಿ ಮಣ್ಣಿನ ಹೆಂಟೆಯೊಂದನ್ನು ತಲೆಯ ಮೇಲಿಟ್ಟುಕೊಂಡು ಕುಳವಾಡಿ ಎಲ್ಲೆಯುದ್ದಕ್ಕೂ ನಡೆಯಬೇಕು. ನಡೆದದ್ದೇ ಎಲ್ಲೆ. ತಪ್ಪಿ ನಡೆದರೆ ಹೆಂಟೆ ಪುಡಿಯಾಗುತ್ತದೆ, ಹದಿನೈದು ದಿನದೊಳಗೆ ನಡೆದವನ ಉಸಿರೂ ನಿಲ್ಲುತ್ತದೆ ಎಂಬುದು ಎಲ್ಲರ ನಂಬಿಕೆ. ನೇರಳಗುಂಟೆಯ ಕುಳವಾಡಿ ಹೊನ್ನೂರ ಇನ್ನೂ ಎಳಬ, ಅಪ್ಪನಿಂದ ಎಲ್ಲೆ ಕಲಿಯುವ ಮುನ್ನವೇ ಅಪ್ಪ ತೀರಿಕೊಂಡಿದ್ದ. ಉಳಿದವನು ಸಾಲುಹುಣಸೆಯ ದ್ಯಾವಯ್ಯ ಒಬ್ಬನೇ. ಎರಡೂ ಊರಿನವರು ಅವನನ್ನು ಒಪ್ಪಿದರು. ನಮ್ಮ ಕಣದ ಕಾಳು ತಿಂದವನು ನಮ್ಮ ಕಡೆ ಬಿಟ್ಟು ಎತ್ತ ನಡೆದಾನು ಎಂದು ಸಾಲುಹುಣಸೆಯವರ ಲೆಕ್ಕ. ದ್ಯಾವಯ್ಯನ ಒಬ್ಬಳೇ ಮಗಳು ಕೆಂಚಿಯನ್ನು ಕೊಟ್ಟದ್ದು ಇದೇ ಹೊನ್ನೂರನಿಗೆ. ಮಗಳು ನಮ್ಮ ಊರಲ್ಲಿರುವಾಗ ಇವನು ಎತ್ತ ನಡೆದಾನು ಎಂದು ನೇರಳಗುಂಟೆಯವರ ಲೆಕ್ಕ.

ಹಿಂದಿನ ದಿನ ಬೆಳಿಗ್ಗೆ ಸಾಲುಹುಣಸೆಯ ಗೌಡ ಹಾಲಪ್ಪ ದ್ಯಾವಯ್ಯನನ್ನು ಕರೆಸಿ, "ಮೂಡಲ ದಂಡೆ ಹಿಡಿದು ನಡಿ. ನಿನ್ನಪ್ಪನ ಕಾಲದಿಂದ ಈ ಊರ ಅನ್ನ ತಿಂದೀಯೆ, ಮರೀಬೇಡ" ಎಂದಷ್ಟೇ ಹೇಳಿದ. ದ್ಯಾವಯ್ಯ ಕೈಮುಗಿದು ಬಂದ. ಸಂಜೆ ಹೊತ್ತಿಗೆ ಕೆಂಚಿ ಕೂಸನ್ನು ಸೊಂಟಕ್ಕಿಟ್ಟುಕೊಂಡು ಅಪ್ಪನ ಗುಡಿಸಲಿಗೆ ಬಂದಳು. ಬಂದವಳು ಕೂರದೆ ಬಾಗಿಲಲ್ಲೇ ನಿಂತು, "ಅಪ್ಪಾ, ಪಡುವಲ ದಂಡೆ ಹಿಡಿದು ನಡೀದಿದ್ರೆ ನಮ್ಮನ್ನ ಊರಲ್ಲಿ ಇಟ್ಕಳಲ್ವಂತೆ. ಹಂಗಂತ ಹೇಳಿ ಕಳ್ಸಿದಾರೆ. ಹೇಳದೆ ಹೋದ್ರೆ ಈಗ್ಲೇ ಮನೆ ಇಲ್ಲ, ಅದಕ್ಕೆ ಹೇಳ್ದೆ. ನೀನು ಹಿಂಗೇ ನಡಿ ಅಂತ ನಾನು ಬಾಯಿ ಬಿಟ್ಟು ಅನ್ನಲ್ಲ" ಎಂದಳು.

ದ್ಯಾವಯ್ಯ ಕೂಸನ್ನು ಅವಳ ಕೈಯಿಂದ ಎತ್ತಿಕೊಂಡ. ಆಮೇಲೆ, "ಉಂಡ್ಯೇನವ್ವಾ?" ಎಂದು ಕೇಳಿದ. ಮಗಳಿಗೆ ಮುದ್ದೆ ಬಡಿಸಿ, ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಮನಸ್ಸಿನಲ್ಲಿ ಇದ್ದದ್ದು ಅಪ್ಪ ತೋರಿಸಿದ ಎಲ್ಲೆ. ಆ ದಾರಿ ಅವನ ಅಂಗಾಲಿಗೆ ಗೊತ್ತಿತ್ತು. ಅದು ಹಾಲಪ್ಪ ಗೌಡ ಹೇಳಿದ ದಾರಿಯೂ ಅಲ್ಲ, ನೇರಳಗುಂಟೆಯವರು ಹೇಳಿ ಕಳಿಸಿದ ದಾರಿಯೂ ಅಲ್ಲ. ಅದನ್ನು ನಡೆದರೆ ಎರಡೂ ಊರಿಗೆ ಬೇಡವಾಗುತ್ತೇನೆ ಎಂಬುದೂ ಅವನಿಗೆ ಗೊತ್ತಿತ್ತು.

ಬೆಳಗಾಯಿತು. ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಕಂಬಳಿ ಹೊದ್ದು, ಕೆಂಪು ಕಣಗಿಲೆಯ ಹಾರ ಹಾಕಿಕೊಂಡು ದ್ಯಾವಯ್ಯ ಪಾತ್ರದ ಬಡಗಣ ತುದಿಯಲ್ಲಿ, ನಡುವಿನ ದಿಬ್ಬದ ಹೊಂಗೆ ಮರದಡಿ ನಿಂತ. ಪಾರುಪತ್ಯಗಾರ ಹಸಿ ಮಣ್ಣಿನ ಹೆಂಟೆಯನ್ನು ಅವನ ತಲೆಯ ಮೇಲಿಡಿಸಿದ. ಎರಡೂ ಊರಿನ ಜನ ಎರಡೂ ದಂಡೆಯಲ್ಲಿ ಒತ್ತಾಗಿ ನಿಂತಿದ್ದರು. ದ್ಯಾವಯ್ಯ ಪಡುವಲ ದಂಡೆ ಹಿಡಿದು ಹೆಜ್ಜೆಯಿಟ್ಟ. ನೇರಳಗುಂಟೆಯವರು ಕೇಕೆ ಹಾಕಿದರು. ಸಾಲುಹುಣಸೆಯವರ ಮುಖ ಕಪ್ಪಿಟ್ಟಿತು. "ಉಂಡ ಮನೆಗೆ ಎರಡು ಬಗೆದನಲ್ಲ!" ಎಂದು ಹಾಲಪ್ಪ ಗೌಡ ನೆಲಕ್ಕೆ ಉಗಿದ. ದ್ಯಾವಯ್ಯ ಅತ್ತಿತ್ತ ನೋಡಲಿಲ್ಲ. ಅಲ್ಲಲ್ಲಿ ನಿಲ್ಲುವನು, ಹಿಮ್ಮಡಿಯನ್ನು ಬಲವಾಗಿ ಊರಿ ಗುರುತು ಮಾಡುವನು, ಮತ್ತೆ ಮುಂದೆ ಹೋಗುವನು. ತೆಂಕಣ ತುದಿ ಮುಟ್ಟಿದಾಗ ಹೆಂಟೆ ಇಳಿಸಲೆಂದು ಆಳುಗಳು ಮುಂದೆ ಬಂದರು. ದ್ಯಾವಯ್ಯ ಕೈಯಡ್ಡ ಹಿಡಿದು, "ಇನ್ನೂ ಮುಗಿದಿಲ್ಲ ಬುದ್ಧಿ. ಈಗ ಅರ್ಧ ಆಯ್ತು" ಎಂದ. ಪಾತ್ರವನ್ನು ಅಡ್ಡ ದಾಟಿ ಮೂಡಲ ದಂಡೆ ಏರಿ, ಬಂದ ದಿಕ್ಕಿಗೇ ಮುಖ ಮಾಡಿ ನಡೆಯತೊಡಗಿದ.

ಎರಡು ಎಲ್ಲೆ ನಡೆದವರನ್ನು ಯಾರೂ ಕಂಡಿರಲಿಲ್ಲ. ಹೊತ್ತು ನೆತ್ತಿಗೇರಿತ್ತು. ಹೆಂಟೆ ಒಣಗಿ, ಮಣ್ಣು ಉದುರಿ ದ್ಯಾವಯ್ಯನ ಕಣ್ಣಿಗೆ ಬೀಳುತ್ತಿತ್ತು. ಒರೆಸಿಕೊಳ್ಳುವಂತಿಲ್ಲ, ತಲೆ ಬಗ್ಗಿಸುವಂತಿಲ್ಲ. ಕೆಂಚಿ ದಂಡೆಯ ಕೆಳಗೆ ಅಪ್ಪನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬರುತ್ತಿದ್ದಳು, ಆದರೆ ಕೈ ಚಾಚುವಂತಿರಲಿಲ್ಲ. ಹೊಂಗೆ ಮರ ಇನ್ನೂ ನೂರು ಮಾರು ಇದೆ ಎನ್ನುವಾಗ ಹೆಂಟೆ ಬಿರುಕು ಬಿಟ್ಟು ಒಂದು ಚೂರು ಅವನ ಹೆಗಲ ಮೇಲೆ ಬಿತ್ತು. "ಒಡೀತು! ಒಡೀತು!" ಎಂದು ಯಾರೋ ಕೂಗಿದರು. ದ್ಯಾವಯ್ಯ ನಿಂತ. ಅಪ್ಪ ತೋರಿಸಿದ್ದು ಇದೇ ಹೌದೋ ಅಲ್ಲವೋ ಎಂಬ ಅನುಮಾನ ಆ ದಿನ ಅವನಿಗೆ ಬಂದದ್ದು ಅದೊಂದೇ ಗಳಿಗೆ. ಕಣ್ಣು ಮುಚ್ಚಿ ಅಂಗಾಲನ್ನು ಮೆಲ್ಲಗೆ ಮುಂದಕ್ಕೆ ಸರಿಸಿದ. ಮಣ್ಣಿನಡಿ ಗಟ್ಟಿಯಾದುದೇನೋ ತಾಗಿತು. ಅಲ್ಲಿಯೇ ಹಿಮ್ಮಡಿ ಊರಿ ನಡೆದ. ಉಳಿದ ಹೆಂಟೆ ಕದಲಲಿಲ್ಲ.

ಮರದಡಿ ಅವನೇ ಹೆಂಟೆಯನ್ನು ಇಳಿಸಿ ನೆಲಕ್ಕಿಟ್ಟಾಗ ಪಾರುಪತ್ಯಗಾರ ಕೇಳಿದ: "ಇದೇನೋ ಇದು? ಎರಡು ಎಲ್ಲೆ ಹಾಕಿದೆಯಲ್ಲ. ನಡುವಿನ ನೆಲ ಯಾರದು?"

"ಯಾರದೂ ಅಲ್ಲ ಬುದ್ಧಿ" ಎಂದ ದ್ಯಾವಯ್ಯ. "ಪಡುವಲ ಸಾಲಿಗೆ ನಮ್ಮೂರು ಮುಗೀತು, ಮೂಡಲ ಸಾಲಿಗೆ ಅವರೂರು ಮುಗೀತು. ನಡುವಿಂದು ನೀರಿಗೆ, ದನಕ್ಕೆ, ದಾರಿ ನಡೆಯೋರಿಗೆ ಅಂತ ಹಿಂದಿನೋರು ಬಿಟ್ಟಿದ್ದು. ನೀರು ಹೋತು ಅಂತ ಬಿಟ್ಟ ಮಾತು ಹೋಗ್ತದಾ? ನಾನು ಹಿಮ್ಮಡಿ ಊರಿದ ಕಡೆ ಅಗೆಸಿ ನೋಡಿ. ಕಲ್ಲಿದ್ದಾವೆ. ಕಲ್ಲಿನ ಕೆಳಗೆ ಇದ್ದಿಲಿದೆ. ನಮ್ಮಪ್ಪ ನನಗೆ ಕೈಯಾರೆ ಅಗೆದು ತೋರಿಸಿದ್ದ."

ಅಗೆಸಿದರು. ಕೆಲವೆಡೆ ನಾಲ್ಕು ಬೆರಳು, ಕೆಲವೆಡೆ ತೋಳುದ್ದ ಮಣ್ಣು ತೆಗೆದ ಮೇಲೆ ಕಲ್ಲು ಸಿಕ್ಕಿತು. ಕಲ್ಲನ್ನು ಓರೆ ಮಾಡಿದರೆ ಕೆಳಗೆ ಹಿಡಿ ಹಿಡಿ ಇದ್ದಿಲು. ಎಷ್ಟು ತಲೆಮಾರು ಕಳೆದರೂ ಮಣ್ಣಿನಲ್ಲಿ ಕೊಳೆಯದ ವಸ್ತುವೆಂದು ಹಿಂದಿನವರು ಎಲ್ಲೆಕಲ್ಲಿನಡಿ ಇದ್ದಿಲು ಹೂಳುತ್ತಿದ್ದರು. ಪಡುವಲ ದಂಡೆಯಲ್ಲಿ ಹನ್ನೊಂದು ಕಲ್ಲು, ಮೂಡಲ ದಂಡೆಯಲ್ಲಿ ಒಂಬತ್ತು. ಒಂದೂ ಹುಸಿಯಾಗಲಿಲ್ಲ. ಎರಡೂ ಊರಿನ ಗೌಡರು ತಲೆ ತಗ್ಗಿಸಿದರು. ನಡುವಿನ ನೆಲ ಯಾರದೂ ಅಲ್ಲವೆಂದು ತಿಮ್ಮರಸಯ್ಯ ತೀರ್ಪು ಕೊಟ್ಟು ಕುದುರೆಯೇರಿದ.

ಸಾಲುಹುಣಸೆಯವರು ದ್ಯಾವಯ್ಯನಿಗೆ ಕಣದ ಪಾಲು ಕೊಡುವುದಿಲ್ಲವೆಂದರು. ನೇರಳಗುಂಟೆಯವರು ಹೇಳಿದಂತೆಯೇ ಕೆಂಚಿ, ಹೊನ್ನೂರರ ಪಾತ್ರೆ ಪಡಗಗಳನ್ನು ಬೀದಿಗಿಟ್ಟರು. ಆಗ ಮೂವರೂ ಕೂಸನ್ನೆತ್ತಿಕೊಂಡು, ಯಾರದೂ ಅಲ್ಲದ ಆ ಬಯಲಿಗೇ ಬಂದು ಹೊಂಗೆ ಮರದಡಿ ಗುಡಿಸಲು ಹಾಕಿದರು. ಹೆಂಟೆ ಒಂದು ಚೂರಾದರೂ ಒಡೆದದ್ದನ್ನು ಜನ ಮರೆತಿರಲಿಲ್ಲ. ಹದಿನೈದು ದಿನವೂ ಎರಡೂ ಊರಿನವರು ಏನಾದರೊಂದು ನೆಪ ಮಾಡಿಕೊಂಡು ಬಂದು, ಬದುಕಿದ್ದಾನೋ ಸತ್ತನೋ ಎಂದು ಇಣುಕಿ ಹೋದರು. ಹದಿನಾರನೆಯ ದಿನ ಬೆಳಿಗ್ಗೆ ಹಾಲಪ್ಪ ಗೌಡನ ದನಗಾಹಿ ಬಂದು ನೋಡಿದರೆ ದ್ಯಾವಯ್ಯ ಎದೆಯುದ್ದದ ಗುಂಡಿಯಲ್ಲಿ ನಿಂತು ಗುದ್ದಲಿ ಬೀಸುತ್ತಿದ್ದ. "ಸಾಯ್ಲಿಲ್ವೇನೋ ದ್ಯಾವಾ?" ಎಂದನಂತೆ ಅವನು. "ಪುರುಸೊತ್ತಿಲ್ಲ ಕಣಪ್ಪ. ಬಾವಿ ತೋಡಬೇಕು" ಎಂದನಂತೆ ದ್ಯಾವಯ್ಯ.

ಹಳ್ಳ ಹರಿದ ನೆಲ, ನೀರು ಬೇಗನೆ ಸಿಕ್ಕಿತು. ಅರವತ್ತರ ಅಂಚಿಗೆ ಬಂದಿದ್ದ ದ್ಯಾವಯ್ಯ ಜೀವಮಾನದಲ್ಲಿ ಮೊದಲ ಸಲ ಬಾವಿಗೆ ಹಗ್ಗ ಇಳಿಬಿಟ್ಟು ತನ್ನ ಕೈಯಾರೆ ನೀರು ಸೇದಿದ. ಸೇದಿದ ಕೊಡವನ್ನು ಬಹಳ ಹೊತ್ತು ನೋಡುತ್ತ ನಿಂತ, ಆಮೇಲೆ ಬೊಗಸೆಯೊಡ್ಡಿ ಕುಡಿದ. ಆ ದಿನ ಬೀಡು ಬಿಟ್ಟಿದ್ದ ಉಪ್ಪಿನ ಹೇರಿನವರಿಗೂ ಅದೇ ಕೊಡದಿಂದ ಹೊಯ್ದ. ಯಾರದೂ ಅಲ್ಲದ ನೆಲದಲ್ಲಿ ಬಾವಿಯೂ ಯಾರದೂ ಅಲ್ಲ, ಹಗ್ಗ ಮುಟ್ಟಬೇಡವೆನ್ನಲು ಯಾರಿದ್ದಾರೆ? ಸುದ್ದಿ ಹರಡಿತು. ಗೌಡರ ಅಪ್ಪಣೆಯಿಲ್ಲದೆ ಯಾವ ಊರಲ್ಲೂ ಒಲೆ ಹೂಡಲಾಗದಿದ್ದ ಬಳೆಗಾರರು ಬಂದರು, ಪಿಂಜಾರರು ಬಂದರು, ಎರಡು ಮನೆ ಕುಂಬಾರರು ಬಂದರು, ನೇಕಾರರ ಒಬ್ಬ ವಿಧವೆಯೂ ಬಂದಳು. ಗುರುವಾರಕ್ಕೊಂದು ಸಂತೆ ಕೂಡಿತು. ದೂರದ ಹಾದಿಯಲ್ಲಿ ಇಂದು ಎಲ್ಲಿ ಬೀಡು ಎಂದು ಕೇಳಿದರೆ ಹೇರಿನವರು "ದ್ಯಾವನ ಎಲ್ಲೆಯಲ್ಲಿ" ಎನ್ನತೊಡಗಿದರು. ಆ ಮಾತು ಮೊದಲು ಕಿವಿಗೆ ಬಿದ್ದ ದಿನ ದ್ಯಾವಯ್ಯ ಗಾಬರಿಯಾಗಿ ಮಗಳ ಬಳಿ ಬಂದ. "ನನ್ನ ಎಲ್ಲೆ ಅಂತಾರಲ್ಲವ್ವಾ! ಇದರಾಗೆ ಒಂದು ಗೇಣೂ ನಂದಲ್ಲ ಅಂತ ಎಲ್ರಿಗೂ ಗೊತ್ತಲ್ಲ?"

ಕೆಂಚಿ ನಕ್ಕಳು. "ನಿಂದು ಅಂದಿದ್ರೆ ನಿನ್ನ ಹೆಸರು ಯಾರು ಇಡ್ತಿದ್ರಪ್ಪಾ? ಸುಮ್ಕಿರು."

ಅಂದು ಉಣ್ಣುವಾಗ ಅವನು ಒಂದು ತುತ್ತು ಹೆಚ್ಚಿಗೆ ಉಂಡ ಎನ್ನುತ್ತಾರೆ. ಮುಂದೆ ಹನ್ನೆರಡು ವರ್ಷ ಅಲ್ಲಿಯೇ ಬಾಳಿ, ಮೊಮ್ಮಗಳ ಮದುವೆ ನೋಡಿ, ಒಂದು ಮಧ್ಯಾಹ್ನ ಮಲಗಿದ್ದವನು ಏಳಲಿಲ್ಲ. ಅಷ್ಟರಲ್ಲಿ ಅದು ಪೇಟೆಯಾಗಿತ್ತು. ಪಾಳೆಯಗಾರ ತನ್ನ ತಾಯಿಯ ನೆನಪಿಗೆ ಅದಕ್ಕೆ ಲಿಂಗಾಜಮ್ಮಪುರವೆಂದು ಹೆಸರಿಟ್ಟು ಶಾಸನ ನಿಲ್ಲಿಸಿದ. ಆದರೆ ಓಲೆ ಹೊತ್ತ ಅವನ ಸವಾರರೇ ದಾರಿಯಲ್ಲಿ ದ್ಯಾವನೆಲ್ಲೆ ಎಲ್ಲಿ ಎಂದು ಕೇಳಿಕೊಂಡು ಬರಬೇಕಾಯಿತು. ನಾಲ್ಕು ವರ್ಷ ಕಾದು ಅವನೇ ನಕ್ಕು ಕೈಬಿಟ್ಟನಂತೆ. ಬಹುಕಾಲದ ಮೇಲೆ ಕಚೇರಿಯ ಗುಮಾಸ್ತನೊಬ್ಬ ಕಡತದಲ್ಲಿ ದೇವನೆಲ್ಲೆ ಎಂದು ತಿದ್ದಿ ಬರೆದ. ಊರಿನ ನಾಲ್ಕಾರು ಹಿರಿಯರು ಕಚೇರಿಗೆ ಹೋಗಿ, "ದೇವರಲ್ಲ ಸ್ವಾಮಿ, ದ್ಯಾವಯ್ಯ. ನಮ್ಮ ನಿಮ್ಮ ಹಾಗೆ ಮನುಷ್ಯ" ಎಂದು ಹೇಳಿ, ಎದುರಿಗೆ ನಿಂತು ಸರಿ ಮಾಡಿಸಿಕೊಂಡು ಬಂದರು. ತಾಲ್ಲೂಕಾದಾಗ ಹಲಗೆಯ ಮೇಲೆ ಬಂದದ್ದೂ ಹಾಗೆ ಸರಿ ಮಾಡಿಸಿದ ಹೆಸರೇ.

ಈಗಲೂ ಊರಿಗೆ ಬಂದವರು ಆ ಕಲ್ಲುಗಳ ಎರಡು ಸಾಲನ್ನು ನೋಡಬಹುದು. ಒಂದು ಕಲ್ಲು ದರ್ಜಿಯ ಅಂಗಡಿಯ ಹೊಸಿಲ ಪಕ್ಕ, ಒಂದು ಹೆಣ್ಣುಮಕ್ಕಳ ಶಾಲೆಯ ಅಂಗಳದಲ್ಲಿ, ಒಂದು ಬ್ಯಾಂಕಿನ ಗೋಡೆ ಕಟ್ಟುವಾಗ ಕೀಳದೆ ಗೋಡೆಯನ್ನೇ ಸುತ್ತಿಸಿ ಉಳಿಸಿಕೊಂಡದ್ದು. ದ್ಯಾವಯ್ಯನಿಗೆ ಗುಡಿಯಿಲ್ಲ, ವಿಗ್ರಹವಿಲ್ಲ. ಏಕೆಂದು ಕೇಳಿದರೆ, ನಡೆದ ಮನುಷ್ಯನನ್ನು ಕೂರಿಸುವುದು ಹೇಗೆ ಎನ್ನುತ್ತಾರೆ. ಎರಡು ಸಾಲಿನ ನಡುವಿನ ಅಗಲವಾದ ಬೀದಿಯಲ್ಲಿ ಇಂದಿಗೂ ಯಾರೂ ಗೋಡೆ ಕಟ್ಟಿಲ್ಲ. ಗುರುವಾರ ಬೆಳಿಗ್ಗೆ ಸಾಲುಹುಣಸೆಯ ಹೆಂಗಸರು ಬದನೆಯ ಪುಟ್ಟಿಯನ್ನೂ ನೇರಳಗುಂಟೆಯ ಹೆಂಗಸರು ಹಸಿಮೆಣಸಿನ ಪುಟ್ಟಿಯನ್ನೂ ಹೊತ್ತು ತರುತ್ತಾರೆ. ಮೊದಲು ಬಂದವರು ತಾವು ಹಾಸಿದ ಗೋಣಿಯನ್ನು ಒಂದಷ್ಟು ಮಡಿಚಿ, ಆಮೇಲೆ ಬಂದವರಿಗೆ ಜಾಗ ಬಿಟ್ಟು ಕೂರುತ್ತಾರೆ.