ಹಗೇವಿನ ಮೇಲೆ ಕೂತ ರಕ್ಕಸಿ

"ಕೇಳ್ರಪ್ಪೋ ಕೇಳ್ರಿ! ಊರಿಗೆ ಉಳಿದಿರೋದು ಬೀಜದ ಜೋಳದ ಒಂದೇ ಹಗೇವು. ಅದರ ಬಾಯಿ ಮೇಲೆ ರಕ್ಕಸಿ ಕೂತಿದ್ದಾಳೆ. ಅವಳ ಮೂರು ಒಗಟು ಬಿಡಿಸಿದವನಿಗೆ ರಾಜಕುಮಾರಿ, ಜೊತೆಗೆ ಅರ್ಧ ರಾಜ್ಯ! ತಪ್ಪಿದವನನ್ನು ಅವಳು ನುಂಗ್ತಾಳೆ. ದೊರೆ ಮಾಚರಸರ ಅಪ್ಪಣೆ!"

ಡಂಗುರ ಹೊಡೆದದ್ದು ಹೀಗೆ. ಹಗೇವು ಅಂದರೆ ನೆಲದೊಳಗಿನ ಕಣಜ. ಮಿಕ್ಕವನ್ನೆಲ್ಲ ಇಲಿಗಳು ಬರಿದು ಮಾಡಿದ್ದವು. ಈ ಬೀಜವೂ ಹೊಲಕ್ಕೆ ಬೀಳದಿದ್ದರೆ ಮುಂದಿನ ವರ್ಷ ಯಾರ ಮನೆಯಲ್ಲೂ ರೊಟ್ಟಿ ಬೇಯುತ್ತಿರಲಿಲ್ಲ.

ಮೊದಲು ದಂಡನಾಯಕನ ಮಗ ಮೀಸೆ ತಿರುವುತ್ತ ಬಂದ. ರಕ್ಕಸಿ ಕೇಳಿದಳು: "ಬಿಸಿಲಲ್ಲೇ ಅಡುಗೆ ಮಾಡುತ್ತೆ. ಎಲ್ಲರೂ ಉಣ್ಣೋದು ಅದರ ಕೈಯಡುಗೆಯನ್ನೇ. ಅದನ್ನು ಮೂಸಿಯೂ ನೋಡದ ಹುಲಿ ಕೂಡ ಅದರಿಂದಲೇ ಬದುಕುತ್ತೆ. ಯಾರದು?"

ಆ ಪುಣ್ಯಾತ್ಮ, ಪಕ್ಕದಲ್ಲೇ ನಿಂತಿದ್ದ ದೊರೆಯ ಕಡೆ ತಿರುಗಿ ಕೈಮುಗಿದು, "ನಮ್ಮ ಮಹಾಪ್ರಭುಗಳು!" ಅಂದ. ಗುಳುಂ! ಹೊಗಳಿಕೆ ಅರಮನೆಯಲ್ಲಿ ನಡೆಯುತ್ತೆ, ರಕ್ಕಸಿಯ ಹತ್ತಿರ ನಡೆಯುತ್ತದೆಯೇ?

ಆಮೇಲೆ ಜೋಯಿಸರ ಮಗ ಬಂದು, "ಸೂರ್ಯ" ಅಂದ.

"ಅವನು ಒಲೆ ಕಣಪ್ಪಾ, ಅಡುಗೆಯವನಲ್ಲ," ಅಂತ ಅವನನ್ನೂ ನುಂಗಿದಳು. ಮುಂದೆ ಬರಲು ಯಾರಿಗೂ ಧೈರ್ಯವಾಗಲಿಲ್ಲ.

ಆಗ ಬಂದವನು ದುಗ್ಗ, ಹುಣಸೆ ಮರ ಹತ್ತಿ ಹಣ್ಣು ಬಡಿಯುವವನು. ಅರ್ಧ ರಾಜ್ಯ ಯಾರಿಗೆ ಬೇಕಿತ್ತು? ಅವನ ತಂಗಿಯ ಮಕ್ಕಳು ಹಸಿದು ಮಲಗುತ್ತಿದ್ದರು. ದೊರೆಯ ಮುಖ ನೋಡುವುದಂತೂ ಅವನಿಗೆ ಬೇಡವೇ ಬೇಡವಾಗಿತ್ತು.

ಯಾಕೆ ಅಂತೀರಾ? ಹಿಂದೊಮ್ಮೆ ಇದೇ ದೊರೆ ಮರದ ಬುಡಕ್ಕೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು, "ದುಗ್ಗಾ, ಗೂಬೆಗಳ ಪೊಟರೆ ಯಾವ ಯಾವ ಮರದಲ್ಲಿವೆಯೋ? ರಾಣಿ ಬಸುರಿ, ಒಂದು ಹರಕೆ ಇದೆ. ಒಂದು ಗರಿಯನ್ನೂ ಮುಟ್ಟಲ್ಲ, ನನ್ನಾಣೆ," ಅಂದಿದ್ದ. ದುಗ್ಗ ನಂಬಿದ. ಒಂದೊಂದೇ ಮರ ತೋರಿಸಿದ. ಮರುದಿನ ಕೊಡಲಿಯವರು ಬಂದರು. ಬಸುರಿ ಮನೆ ಹತ್ತಿರ ಗೂಬೆ ಕೂಗಿದರೆ ಅಪಶಕುನವಂತೆ! ಕಣ್ಣು ಬಿಡದ ಮರಿಗಳೂ ಉಳಿಯಲಿಲ್ಲ. ದುಗ್ಗ ಓಡಿ ಹೋಗಿ ಕೇಳಿದ್ದಕ್ಕೆ, "ಗೂಬೆ ವಿಷಯಕ್ಕೂ ಆಣೆ ನಡೆಸ್ಬೇಕೇನೋ?" ಅಂತ ದೊರೆ ನಕ್ಕುಬಿಟ್ಟ. ಥೂ! 

ಮೊದಲ ಒಗಟಿಗೆ ದುಗ್ಗ, "ಹಸಿರೆಲೆ ಕಣವ್ವಾ. ಎಲೆ ತಿಂದು ಜಿಂಕೆ, ಜಿಂಕೆ ತಿಂದು ಹುಲಿ," ಅಂದ.

ರಕ್ಕಸಿ ಎರಡನೆಯದನ್ನು ಕೇಳಿದಳು: "ಉದುರಿದ ಎಲೆ, ಸಗಣಿ, ಸತ್ತ ಅರಸ, ಸತ್ತ ಆಳು, ಯಾವುದಕ್ಕೂ ಹೇಸದೆ ಉಂಡು, ಅದನ್ನೇ ಮತ್ತೆ ಬೇರಿಗೆ ಉಣಿಸುವವರು ಯಾರು?"

"ಮಣ್ಣಲ್ಲಿರೋ ಎರೆಹುಳ, ಗೆದ್ದಲು, ಅಣಬೆ. ಅವಿಲ್ಲದಿದ್ರೆ ನೆಲ ಹೆಣದ ರಾಶಿ, ಬೇರು ಉಪವಾಸ."

"ಕೊನೇದು. ಈ ಊರಿನ ಕಾಳು ಕದ್ದವರು ಯಾರು?"

ದುಗ್ಗ ಬಾಯಿ ತೆರೆಯುವಷ್ಟರಲ್ಲಿ ದೊರೆ ಅವನ ಹೆಗಲ ಮೇಲೆ ಕೈಯಿಟ್ಟು ಕಿವಿಯಲ್ಲಿ ಉಸುರಿದ: "ಇಲಿ ಅನ್ನೋ, ಗೆದ್ದುಬಿಡ್ತೀಯ."

ಅದೇ ಕೈ, ಅದೇ ಬೆಣ್ಣೆಯಂಥ ದನಿ. ದುಗ್ಗ ಆ ಕೈಯನ್ನು ಕೊಡವಿಬಿಟ್ಟ.

"ಇಲಿಗೆ ಹಸಿವಿತ್ತು, ತಿಂತು. ಅದು ಕಳ್ಳತನ ಅಲ್ಲ. ಇಲಿ ಹಿಡಿದು ಹಗೇವು ಕಾಯ್ತಿದ್ದದ್ದು ಗೂಬೆಗಳು. ಆ ಕಾವಲನ್ನ ಕೊಲ್ಲಿಸಿದವರೇ ಕಳ್ಳರು. ಕೊಡಲಿ ದೊರೆಯದು. ಮರ ತೋರಿಸಿದ ಬೆರಳು ನಂದು."

"ಹಿಡೀರಿ ಅವನನ್ನ!" ದೊರೆ ಅರಚಿದ. ರಕ್ಕಸಿ ಎದ್ದು ನಡುವೆ ನಿಂತಳು. "ಮೂರೂ ಸರಿ. ಅವನು ಕೇಳಿದ್ದನ್ನ ಕೊಡು."

ದುಗ್ಗ ರಾಜಕುಮಾರಿಯನ್ನೂ ಕೇಳಲಿಲ್ಲ, ರಾಜ್ಯವನ್ನೂ ಕೇಳಲಿಲ್ಲ. ಉಳಿದ ಹುಣಸೆ ತೋಪಿಗೆ ಕೊಡಲಿ ಬೀಳಕೂಡದು, ಅದರ ಕಾವಲು ತನ್ನದೇ ಆಗಿರಬೇಕು ಅಂದ. ದೊರೆ ತಲೆ ತಗ್ಗಿಸಿ ಒಪ್ಪಿದ. ರಕ್ಕಸಿ ಹಗೇವು ಬಿಟ್ಟು ಹೋದಳು, ಬೀಜ ಹೊಲಕ್ಕೆ ಬಿತ್ತು. ಒಂದೆರಡು ವರ್ಷದಲ್ಲಿ ಎಲ್ಲಿಂದಲೋ ಗೂಬೆಗಳೂ ಬಂದವು, ಇಲಿಗಳು ಕಡಿಮೆಯಾದವು.

ಒಂದು ದಿನ ದೊರೆ ತಾನೇ ತೋಪಿಗೆ ಬಂದ, ಕೈಯಲ್ಲಿ ಹಾಲಿನ ಗಿಂಡಿ. "ದುಗ್ಗಾ, ಗೂಬೆಗಳು ಯಾವ ಮರದಲ್ಲಿವೆಯಪ್ಪಾ? ಈ ಸಲ ನಿಜವಾಗ್ಲೂ ಕಾಪಾಡೋಕೆ ಕೇಳ್ತಿದೀನಿ." ಅವನ ಕಣ್ಣಲ್ಲಿ ನೀರಿತ್ತು. ಅದು ನಿಜವಾದ ನೀರೇ ಇರಬಹುದು.

ಇಬ್ಬರ ತಲೆಯ ಮೇಲಿನ ಪೊಟರೆಯಲ್ಲೇ ಮರಿಗಳು ಮಲಗಿದ್ದವು.

"ಗೊತ್ತಿಲ್ಲ, ದೊರೆ," ಅಂದ ದುಗ್ಗ.